ಕೆರೆ, ಕಾಲುವೆ, ಬೋರ್‌ವೆಲ್‌ನಲ್ಲಿ ಭಾರಲೋಹ: ಯಾವ ಪರೀಕ್ಷೆ ಮಾಡಿಸಬೇಕು, ಯಾವ ಫಿಲ್ಟರ್ ಕೊಳ್ಳಬೇಕು

ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿ ಹೊಳೆಯ ನೀರು ಕಪ್ಪಗಿದೆ, ನೊರೆ ಏಳುತ್ತದೆ, ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ. ಈ ಮೂರರಲ್ಲಿ ಒಂದೂ ಸೀಸ, ಕ್ಯಾಡ್ಮಿಯಂನಂಥ ಭಾರಲೋಹದ ಗುರುತಲ್ಲ. ಆಮ್ಲಜನಕ ತೀರಿಹೋದ ಕೊಳಚೆಯಲ್ಲಿ ಹುಟ್ಟುವ ಸಲ್ಫೈಡ್‌ನಿಂದ ಕಪ್ಪು ಮತ್ತು ನಾತ, ಡಿಟರ್ಜೆಂಟ್‌ನಿಂದ ನೊರೆ. ಅತ್ತ ಪೀಣ್ಯ ಕೈಗಾರಿಕಾ ಪ್ರದೇಶದಂಥ ಕಡೆ ಬೋರ್‌ವೆಲ್‌ನಿಂದ ತಿಳಿನೀರೇ ಬರುತ್ತಿರುತ್ತದೆ. ಅದರಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ನೆಲಕ್ಕಿಳಿದ ಹೆಕ್ಸಾವೇಲೆಂಟ್ ಕ್ರೋಮಿಯಂ (ನೀರಿನಲ್ಲಿ ಕರಗುವ, ಹೆಚ್ಚು ವಿಷದ ಕ್ರೋಮಿಯಂ ರೂಪ) ಕುಡಿಯುವ ನೀರಿನ ಮಿತಿಯ ಹತ್ತು ಪಟ್ಟು ಇದ್ದರೂ ಕಣ್ಣಿಗೆ, ನಾಲಗೆಗೆ ತಿಳಿಯುವುದಿಲ್ಲ.

ಹಾಗಾಗಿ ಪರೀಕ್ಷೆ ಮಾಡಿಸದೆ ಗತಿಯಿಲ್ಲ. ಆದರೆ ಒಂದು ಮಿನರಲ್ ವಾಟರ್ ಬಾಟಲಿಯಲ್ಲಿ ನೀರು ತುಂಬಿ ‘ಭಾರಲೋಹ ಟೆಸ್ಟ್ ಮಾಡಿಕೊಡಿ’ ಎಂದು ಲ್ಯಾಬಿಗೆ ಕೊಟ್ಟು ಬಂದರೆ ದುಡ್ಡು ಖರ್ಚಾಗುತ್ತದೆ, ಉತ್ತರ ಸಿಗುವುದಿಲ್ಲ. ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ತೀರ್ಮಾನಿಸಿಕೊಳ್ಳಿ. ಮನೆಯ ಬೋರ್ ನೀರು ಕುಡಿಯಬಹುದೇ? ಕಾಲುವೆ ನೀರಲ್ಲಿ ಸೊಪ್ಪು ಬೆಳೆಯಬಹುದೇ? ಕೆರೆಯಿಂದ ತೆಗೆದ ಗೋಡನ್ನು ಹೊಲಕ್ಕೆ ಹೊಡೆಸಬಹುದೇ? ಮೇಲಿನ ಕಾರ್ಖಾನೆಯ ಮೇಲೆ ದೂರು ಕೊಡಬೇಕೇ? ನಾಲ್ಕಕ್ಕೂ ತೆಗೆಯಬೇಕಾದ ಮಾದರಿ ಬೇರೆ, ಉಪಕರಣ ಬೇರೆ, ಹೋಲಿಸಬೇಕಾದ ಮಿತಿಯೂ ಬೇರೆ.

ನೀರನ್ನು ಪರೀಕ್ಷಿಸಬೇಕೋ, ಹೂಳನ್ನೋ?

ಕುಡಿಯುವ ನೀರಿನ ಪ್ರಶ್ನೆಯಾದರೆ ನೀರನ್ನೇ ಪರೀಕ್ಷಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಕೆರೆ–ಕಾಲುವೆಗಳ ವಿಷಯದಲ್ಲಿ ಮಾತ್ರ ಬರೀ ನೀರನ್ನು ನಂಬಿ ಮೋಸಹೋಗುವವರೇ ಹೆಚ್ಚು.

ಕಾರಣ ರಸಾಯನಶಾಸ್ತ್ರದಲ್ಲಿದೆ. ಕೊಳಚೆ ಸೇರಿ ಕಪ್ಪಾದ ನೀರಿನಲ್ಲಿ ಸಲ್ಫೈಡ್ ಇರುತ್ತದಲ್ಲ, ಅದು ಸೀಸ, ಕ್ಯಾಡ್ಮಿಯಂ, ತಾಮ್ರ, ಸತುವನ್ನು ಹಿಡಿದು ಕರಗದ ಪುಡಿಯಾಗಿಸಿ ತಳಕ್ಕೆ ಕೂರಿಸುತ್ತದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಅದೇ ನೀರಿನಲ್ಲಿ ಅಷ್ಟಾಗಿ ಕರಗದ ಟ್ರೈವೇಲೆಂಟ್ ರೂಪಕ್ಕೆ ಬದಲಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ. ಹೀಗಾಗಿ ನೋಡಲು ಅತಿ ಕೊಳಕಾದ ನೀರಿನ ವರದಿ ‘ಮಿತಿಯೊಳಗಿದೆ’ ಎಂದು ಬರುವುದು ಅಪರೂಪವೇನಲ್ಲ. ಲ್ಯಾಬ್ ಸುಳ್ಳು ಹೇಳಿಲ್ಲ. ಲೋಹ ಒಂದು ಅಡಿ ಕೆಳಗೆ ಕೆಸರಿನಲ್ಲಿ ಕೂತಿದೆ, ಅಷ್ಟೇ.

ಇನ್ನೊಂದು ಕಾರಣ ಸಮಯ. ಪ್ಲೇಟಿಂಗ್ ತೊಟ್ಟಿಯ ನೀರನ್ನು ಹಗಲು ಹನ್ನೊಂದು ಗಂಟೆಗೆ ಯಾರೂ ಬಿಡುವುದಿಲ್ಲ. ರಾತ್ರಿ ಬಿಡುತ್ತಾರೆ, ಇಲ್ಲವೇ ಜೋರು ಮಳೆಗೆ ಕಾಯುತ್ತಾರೆ. ನೀವು ಬೆಳಗ್ಗೆ ಬಾಟಲಿ ಹಿಡಿದು ಹೋಗುವ ಹೊತ್ತಿಗೆ ಆ ನೀರು ಬಿಡದಿ ದಾಟಿರುತ್ತದೆ. ನೀರಿನ ಮಾದರಿ ಆ ಕ್ಷಣದ ಲೆಕ್ಕ ಮಾತ್ರ. ಹೂಳಿನ ಮೇಲಿನ ಐದು ಸೆಂಟಿಮೀಟರಿನಲ್ಲಿ ತಿಂಗಳುಗಟ್ಟಲೆಯ, ಕೆಲವು ಕಡೆ ವರ್ಷಗಟ್ಟಲೆಯ ಲೆಕ್ಕ ಉಳಿದಿರುತ್ತದೆ.

ಒಂದೇ ಮಾದರಿಗೆ ಆಗುವಷ್ಟು ಹಣವಿದ್ದರೆ, ನಮ್ಮ ಸಲಹೆ ಹೀಗೆ: ಕೊಳಚೆ ಹರಿಯುವ ಕಾಲುವೆ, ಕೆರೆಗಳಲ್ಲಿ ಹೂಳು, ಬೋರ್‌ವೆಲ್‌, ತೆರೆದ ಬಾವಿ, ನಲ್ಲಿಯಲ್ಲಿ ನೀರು. ಸೊಪ್ಪು–ತರಕಾರಿ ಬೆಳೆಯುವವರು ನೀರನ್ನು ಬಿಟ್ಟು ನೇರವಾಗಿ ಮಣ್ಣು ಮತ್ತು ಬೆಳೆಯನ್ನೇ ಪರೀಕ್ಷೆಗೆ ಕಳಿಸಿದರೂ ನಷ್ಟವಿಲ್ಲ.

ಒಂದು ಎಚ್ಚರಿಕೆ. ಕೃಷಿ ಇಲಾಖೆಯ ಸಾಯಿಲ್ ಹೆಲ್ತ್ ಕಾರ್ಡ್ ಕೈಯಲ್ಲಿದೆ ಎಂದು ನಿಶ್ಚಿಂತರಾಗಬೇಡಿ. ಅದರ 12 ಅಂಶಗಳಲ್ಲಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ಇವೆ ನಿಜ, ಆದರೆ ಅವು ಪೋಷಕಾಂಶವಾಗಿ ಸಾಕಷ್ಟಿವೆಯೇ ಎಂದು ನೋಡಲು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಆರ್ಸೆನಿಕ್ ಆ ಪಟ್ಟಿಯಲ್ಲೇ ಇಲ್ಲ.

ಅಗ್ಗದ್ದರಿಂದ ದುಬಾರಿಯವರೆಗೆ: ಯಾವ ಉಪಕರಣ ಏನನ್ನು ಕಾಣುತ್ತದೆ

*ಟಿಡಿಎಸ್ ಮೀಟರ್.* ನೀರಿನಲ್ಲಿ ಕರಗಿದ ಒಟ್ಟು ಲವಣಾಂಶವನ್ನು (ಟಿಡಿಎಸ್) ತೋರಿಸಲು ಫಿಲ್ಟರ್ ಮಾರುವವರು ನಿಮ್ಮ ಮುಂದೆ ಅದ್ದುವ ಪೆನ್ನು. ಭಾರಲೋಹಕ್ಕೆ ಇದು ಕುರುಡು. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಈ ಮೀಟರಿನ ಅತಿ ಸಣ್ಣ ಗೆರೆಯೇ 1 ಮಿಲಿಗ್ರಾಂ, ಅಂದರೆ ಮಿತಿಯ ನೂರು ಪಟ್ಟು. ಟಿಡಿಎಸ್ 80 ಇರುವ ನೀರಿನಲ್ಲಿ ಸೀಸ ಇರಬಹುದು, 900 ಇರುವ ನೀರಿನಲ್ಲಿ ಇಲ್ಲದಿರಬಹುದು. ಆದರೂ ಎಸೆಯಬೇಡಿ, ಎರಡು ಕೆಲಸಕ್ಕೆ ಬರುತ್ತದೆ. ರಾಜಕಾಲುವೆಯುದ್ದಕ್ಕೂ ಅದ್ದುತ್ತಾ ಹೋದರೆ ಅಂಕಿ ಎಲ್ಲಿ ದಿಢೀರನೆ ಏರುತ್ತದೋ ಅಲ್ಲಿ ಯಾವುದೋ ಪೈಪು ಸೇರುತ್ತಿದೆ ಎಂದರ್ಥ. ಮಾದರಿ ಎಲ್ಲಿ ತೆಗೆಯಬೇಕೆಂದು ಗೊತ್ತಾಗುತ್ತದೆ. ಇನ್ನೊಂದು ಕೆಲಸ ಆರ್‌ಒ ಫಿಲ್ಟರಿನ ಪೊರೆ (ಮೆಂಬ್ರೇನ್) ಸತ್ತಿದೆಯೇ ಎಂದು ನೋಡುವುದು. ಅದು ಮುಂದೆ ಬರುತ್ತದೆ.

*ಪಟ್ಟಿ ಅದ್ದುವ ಟೆಸ್ಟ್ ಸ್ಟ್ರಿಪ್.* ಆನ್‌ಲೈನಿನಲ್ಲಿ ಸಿಗುವ ‘16 ಇನ್ 1’ ಪಟ್ಟಿಗಳಲ್ಲಿ ಸೀಸದ್ದೂ ಒಂದು ಚೌಕ ಇರುತ್ತದೆ. ಬಣ್ಣದ ಮೊದಲ ಮೆಟ್ಟಿಲು ಎಷ್ಟರಿಂದ ಶುರುವಾಗುತ್ತದೆ ಎಂದು ಡಬ್ಬಿಯ ಮೇಲೆ ನೋಡಿ. 10 ಪಿಪಿಬಿಗಿಂತ (ಅಂದರೆ ಲೀಟರಿಗೆ 0.01 ಮಿಲಿಗ್ರಾಂಗಿಂತ) ಮೇಲಿದ್ದರೆ ಕುಡಿಯುವ ನೀರಿಗೆ ಅದು ನಿರುಪಯೋಗಿ. ಇದಕ್ಕೆ ದುಡ್ಡು ಹಾಕಬೇಡಿ.

*ಬಣ್ಣದ ಕಿಟ್.* ಇದರಲ್ಲಿ ಎರಡು ನಿಜಕ್ಕೂ ಒಳ್ಳೆಯವು. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಡೈಫಿನೈಲ್‌ಕಾರ್ಬಜೈಡ್ ಕಿಟ್: ಆಮ್ಲ ಹಾಕಿದ ನೀರಿಗೆ ಬೆರೆಸಿದರೆ ಐದು–ಹತ್ತು ನಿಮಿಷದಲ್ಲಿ ನಸುಗುಲಾಬಿಯಿಂದ ನೇರಳೆಯವರೆಗೆ ಬಣ್ಣ ಬರುತ್ತದೆ, 0.05 ಮಿಲಿಗ್ರಾಂ ಆಸುಪಾಸಿನಲ್ಲೇ ಸುಳಿವು ಕೊಡುತ್ತದೆ. ಪ್ಲೇಟಿಂಗ್ ಘಟಕಗಳ ಸುತ್ತಿನ ಹತ್ತಾರು ಬೋರ್‌ವೆಲ್‌ಗಳಲ್ಲಿ ಯಾವುದನ್ನು ಲ್ಯಾಬಿಗೆ ಕಳಿಸಬೇಕೆಂದು ಜರಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಕಪ್ಪು ಕಾಲುವೆ ನೀರಿಗೆ ಹಾಕಬೇಡಿ. ಅಲ್ಲಿ ಹೆಕ್ಸಾವೇಲೆಂಟ್ ಉಳಿಯುವುದೇ ಇಲ್ಲ, ಜೊತೆಗೆ ನೀರಿನ ಬಣ್ಣವೇ ಓದನ್ನು ಕೆಡಿಸುತ್ತದೆ. ಅಲ್ಲಿ ಕೇಳಬೇಕಾದ್ದು ಒಟ್ಟು ಕ್ರೋಮಿಯಂ.

ಎರಡನೆಯದು ಆರ್ಸೆನಿಕ್ ಕಿಟ್. ರಾಯಚೂರಿನ ಹಟ್ಟಿ ಚಿನ್ನದ ಗಣಿಯ ಸೀಮೆ, ಯಾದಗಿರಿಯ ಸುರಪುರ ತಾಲ್ಲೂಕು ಇಂಥ ಕಡೆ ಬೇಕಾಗುವುದು ಇದು; ಸುರಪುರದ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದು ದಾಖಲಾಗಿದೆ. ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಇರುವುದೇ ಮೂಲ. ಕಿಟ್‌ನಲ್ಲಿ ನೀರಿಗೆ ಆಮ್ಲ ಮತ್ತು ಸತುವಿನ ಪುಡಿ ಹಾಕಿ ಮುಚ್ಚುತ್ತೀರಿ. ಗುಳ್ಳೆಯೊಂದಿಗೆ ಏಳುವ ಆರ್ಸೀನ್ ಅನಿಲ ಮುಚ್ಚಳದಲ್ಲಿ ಸಿಕ್ಕಿಸಿದ ಮರ್ಕ್ಯುರಿಕ್ ಬ್ರೋಮೈಡ್ ಕಾಗದವನ್ನು ಮುಟ್ಟಿ, ಬಿಳಿಯಿದ್ದದ್ದು ಮೊದಲು ಕೆನೆಬಣ್ಣ, ಆಮೇಲೆ ಹಳದಿ, ಹೆಚ್ಚಿದ್ದರೆ ಕಂದು ಆಗುತ್ತದೆ. ಮೂರು ಕಡೆ ತಪ್ಪಾಗುತ್ತದೆ. ಕಿಟ್‌ನಲ್ಲಿ ಹೇಳಿದ ಸಮಯಕ್ಕೆ ಮುಂಚೆ ತೆಗೆದರೆ ಕಡಿಮೆ ತೋರಿಸುತ್ತದೆ. ನೀರಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯಿದ್ದು ಸಲ್ಫೈಡ್ ತಡೆಯುವ ಪುಡಿಯನ್ನು ಹಾಕದಿದ್ದರೆ ಕಾಗದ ಸುಮ್ಮನೆ ಬಣ್ಣ ತಿರುಗುತ್ತದೆ. ಕಾಗದವನ್ನು ಬಿಸಿಲಿನಲ್ಲಿ ಹಿಡಿದು ನೋಡಿದರೆ ಬಣ್ಣ ಮಾಸುತ್ತದೆ. ಆರ್ಸೀನ್ ವಿಷಾನಿಲ, ಕಾಗದದಲ್ಲಿ ಪಾದರಸ. ಅಡುಗೆಮನೆಯಲ್ಲಿ ಮಾಡಬೇಡಿ, ಗಾಳಿಯಾಡುವ ಜಗಲಿಯಲ್ಲಿ ಮಾಡಿ.

*ಫ್ಲೇಮ್ ಎಎಎಸ್.* ಮಾದರಿಯನ್ನು ಜ್ವಾಲೆಗೆ ಹಾಯಿಸಿ, ಲೋಹ ಎಷ್ಟು ಬೆಳಕು ಹೀರುತ್ತದೆ ಎಂದು ನೋಡಿ ಅಳೆಯುವ ಯಂತ್ರ. ಹೆಚ್ಚಿನ ಸಣ್ಣ ಲ್ಯಾಬ್‌ಗಳಲ್ಲಿರುವುದು ಇದೇ. ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್‌ಗೆ ಚೆನ್ನಾಗಿದೆ; ಹೂಳು, ಮಣ್ಣಿನಲ್ಲಿ ಲೋಹ ದಂಡಿಯಾಗಿರುವುದರಿಂದ ಅಲ್ಲೂ ಸಾಕು. ಕುಡಿಯುವ ನೀರಿನ ಸೀಸಕ್ಕೆ ಸಾಲದು. ಜ್ವಾಲೆಯ ಉಪಕರಣದಲ್ಲಿ ಸುಮಾರು 0.05 ಮಿಲಿಗ್ರಾಂಗಿಂತ ಕೆಳಗಿನ ಸೀಸವನ್ನು ನಂಬುವಂತಿಲ್ಲ, ಮಿತಿ ಇರುವುದು 0.01ರಲ್ಲಿ. ಅದೇ ಯಂತ್ರಕ್ಕೆ ಗ್ರಾಫೈಟ್ ಫರ್ನೇಸ್ ಜೋಡಿಸಿದ್ದರೆ ಸೀಸ, ಕ್ಯಾಡ್ಮಿಯಂ 1 ಪಿಪಿಬಿಗಿಂತ ಕೆಳಗೂ ಸಿಗುತ್ತವೆ. ಆರ್ಸೆನಿಕ್‌ಗೆ ಹೈಡ್ರೈಡ್, ಪಾದರಸಕ್ಕೆ ಕೋಲ್ಡ್ ವೇಪರ್ ಜೋಡಣೆ ಬೇಕು.

*ಐಸಿಪಿ–ಓಇಎಸ್ ಮತ್ತು ಐಸಿಪಿ–ಎಂಎಸ್.* ಹೆಸರು ಒಂದೇ ಥರ ಕೇಳಿಸಿದರೂ ಬೇರೆ ಬೇರೆ. ಎರಡೂ ಮಾದರಿಯನ್ನು ಸುಡುಬಿಸಿ ಪ್ಲಾಸ್ಮಾಕ್ಕೆ ಹಾಯಿಸುತ್ತವೆ; ಮೊದಲನೆಯದು ಹೊಮ್ಮುವ ಬೆಳಕನ್ನು, ಎರಡನೆಯದು ಕಣಗಳ ತೂಕವನ್ನು ನೋಡಿ ಲೋಹ ಗುರುತಿಸುತ್ತದೆ. ಮೊದಲನೆಯದು ಹೂಳು, ಮಣ್ಣು, ಕಾರ್ಖಾನೆ ನೀರಿಗೆ ಸರಿ. ಕುಡಿಯುವ ನೀರಿನ ಸೀಸ, ಆರ್ಸೆನಿಕ್‌ಗೆ ಮಿತಿಯ ಅಂಚಿನಲ್ಲೇ ಒದ್ದಾಡುತ್ತದೆ. ಎರಡನೆಯದು ಒಂದೇ ಓಟದಲ್ಲಿ ಹತ್ತು–ಹದಿನೈದು ಲೋಹಗಳನ್ನು 1 ಪಿಪಿಬಿಗಿಂತ ಎಷ್ಟೋ ಕೆಳಗಿನವರೆಗೆ ಅಳೆಯುತ್ತದೆ. ಕುಡಿಯುವ ನೀರಿಗೆ ಕಣ್ಣುಮುಚ್ಚಿ ಐಸಿಪಿ–ಎಂಎಸ್ ಆರಿಸಿ. ಅದಕ್ಕೂ ಒಂದು ದೌರ್ಬಲ್ಯವಿದೆ: ಉಪ್ಪಿನಂಶ ಹೆಚ್ಚಿರುವ ನೀರಿನಲ್ಲಿ ಆರ್ಗಾನ್ ಮತ್ತು ಕ್ಲೋರಿನ್ ಕೂಡಿ ಆರ್ಸೆನಿಕ್‌ನಷ್ಟೇ ತೂಕದ (75) ಕಣವಾಗಿ, ಇಲ್ಲದ ಆರ್ಸೆನಿಕ್ ಕಾಣಿಸಬಹುದು. ‘ಕೊಲಿಷನ್ ಸೆಲ್ ಹಾಕಿ ಓದುತ್ತೀರಾ’ ಎಂದು ಕೇಳಿ.

*ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್.* ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ ಉಪಕರಣ. ಹೂಳಿಗೆ, ಮಣ್ಣಿಗೆ, ಗೋಡೆ ಬಣ್ಣಕ್ಕೆ; ನೀರಿಗಲ್ಲ. ಒಂದು ಓದಿಗೆ ಒಂದೆರಡು ನಿಮಿಷ, ಆದ್ದರಿಂದ ಇಡೀ ಕೆರೆಯಂಗಳದ ನಕ್ಷೆಯನ್ನು ಒಂದು ದಿನದಲ್ಲಿ ಮಾಡಬಹುದು. ಸೀಸ, ಸತು, ತಾಮ್ರ ಚೆನ್ನಾಗಿ ಕಾಣುತ್ತವೆ. ಕ್ಯಾಡ್ಮಿಯಂ ಕಿಲೋಗೆ ಹತ್ತಾರು ಮಿಲಿಗ್ರಾಂ ದಾಟುವವರೆಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಹೊಲಕ್ಕೆ 3–5 ಮಿಲಿಗ್ರಾಂ ಕೂಡ ತಲೆನೋವೇ. ಸೀಸ ಜಾಸ್ತಿಯಿರುವ ಕಡೆ ಆರ್ಸೆನಿಕ್ ಓದನ್ನೂ ನಂಬಬೇಡಿ. ಎರಡರ ಎಕ್ಸ್‌ರೇ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಒದ್ದೆ ಕೆಸರಿನ ಮೇಲೆ ಹಿಡಿದರೆ ಎಲ್ಲವೂ ಕಡಿಮೆ ತೋರುತ್ತದೆ, ಒಣಗಿಸಿ ಜರಡಿ ಹಿಡಿದೇ ಓದಬೇಕು.

ಲ್ಯಾಬ್ ಆರಿಸುವಾಗ ಕೇಳಬೇಕಾದ್ದು

‘ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ’ ಎಂಬುದು ಅರ್ಧ ಪ್ರಶ್ನೆ. ಮಾನ್ಯತೆ ಇಡೀ ಕಟ್ಟಡಕ್ಕೆ ಸಿಗುವುದಿಲ್ಲ. ಯಾವ ವಸ್ತುವಿನಲ್ಲಿ, ಯಾವ ಲೋಹವನ್ನು, ಯಾವ ವಿಧಾನದಲ್ಲಿ ಎಂಬ ‘ಸ್ಕೋಪ್’ ಪಟ್ಟಿಗೆ ಸಿಗುತ್ತದೆ. ಕುಡಿಯುವ ನೀರಿನ ಸೀಸಕ್ಕೆ ಮಾನ್ಯತೆ ಇರುವ ಲ್ಯಾಬಿಗೆ ಹೂಳಿನ ಕ್ಯಾಡ್ಮಿಯಂಗೆ ಇಲ್ಲದಿರಬಹುದು. ಆ ಪಟ್ಟಿ ಎನ್‌ಎಬಿಎಲ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ, ನೋಡಿಯೇ ಹೋಗಿ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ವರದಿಯಲ್ಲಿ ‘ಬಿಡಿಎಲ್’ ಎಂದು ಬರೆದು ಕೊಡುತ್ತಾರೆ, ಉಪಕರಣದ ಪತ್ತೆಮಿತಿಗಿಂತ ಕೆಳಗೆ ಎಂದು. ಆ ಪತ್ತೆಮಿತಿ ಎಷ್ಟು? 0.05 ಆಗಿದ್ದರೆ ನಿಮ್ಮ ನೀರಿನಲ್ಲಿ ಸೀಸ 0.04, ಅಂದರೆ ಮಿತಿಯ ನಾಲ್ಕು ಪಟ್ಟು ಇದ್ದೂ ‘ಬಿಡಿಎಲ್’ ಬಂದಿರಬಹುದು. ಪತ್ತೆಮಿತಿಯ ಅಂಕಿ ಇಲ್ಲದ ಬಿಡಿಎಲ್ ವರದಿಯನ್ನು ವಾಪಸ್ ಕೊಟ್ಟು ಬರೆಸಿಕೊಳ್ಳಿ. ಅದು ಕನಿಷ್ಠ ಮಿತಿಯ ಐದನೇ ಒಂದು ಭಾಗಕ್ಕಿಂತ ಕೆಳಗಿರಬೇಕು.

ಮಾದರಿ ಕೆಡುವುದು ಲ್ಯಾಬಿಗೆ ಹೋಗುವ ಮೊದಲೇ

ನೀರಿಗೆ 500 ಮಿಲಿಲೀಟರಿನ ಎಚ್‌ಡಿಪಿಇ ಬಾಟಲಿ. ಶೇ 10ರ ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ ಡಿಅಯನೈಸ್ಡ್ ನೀರಿನಲ್ಲಿ ತೊಳೆದದ್ದಾಗಿರಬೇಕು. ಇದನ್ನು ಲ್ಯಾಬೇ ಕೊಡುತ್ತದೆ, ಕೇಳಿ ತನ್ನಿ. ಮಾದರಿ ತುಂಬಿದ ಮೇಲೆ ಲೀಟರಿಗೆ ಸುಮಾರು 1.5 ಮಿಲಿಲೀಟರ್ ಶುದ್ಧ ನೈಟ್ರಿಕ್ ಆಮ್ಲ ಸೇರಿಸಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು. ಆಮ್ಲ ಹಾಕದಿದ್ದರೆ ಸೀಸ ಬಾಟಲಿಯ ಗೋಡೆಗೆ ಅಂಟಿ ಕೂರುತ್ತದೆ, ಲ್ಯಾಬಿಗೆ ಖಾಲಿ ನೀರು ತಲುಪುತ್ತದೆ. ಹೀಗೆ ಕಾಪಾಡಿದ ಮಾದರಿ ಆರು ತಿಂಗಳು ಇರುತ್ತದೆ, ಪಾದರಸಕ್ಕೆ ಮಾತ್ರ 28 ದಿನ. ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಈ ನಿಯಮ ತಲೆಕೆಳಗು: ಆಮ್ಲ ಹಾಕಲೇಬಾರದು, ಬೇರೆ ಬಾಟಲಿಯಲ್ಲಿ ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು.

ಕಲಕು ನೀರಾದರೆ ಇನ್ನೊಂದು ತೀರ್ಮಾನವಿದೆ. ಸೋಸದೆ ಆಮ್ಲ ಹಾಕಿದರೆ ನೀರಿನಲ್ಲಿ ತೇಲುವ ಮಣ್ಣಿನ ಲೋಹವೂ ಕರಗಿ ಲೆಕ್ಕಕ್ಕೆ ಬರುತ್ತದೆ, 0.45 ಮೈಕ್ರಾನ್ ಫಿಲ್ಟರಿನಲ್ಲಿ ಮೊದಲೇ ಸೋಸಿದರೆ ಕರಗಿರುವುದು ಮಾತ್ರ. ಎರಡೂ ಸರಿ, ಉತ್ತರ ಬೇರೆ. ಯಾವುದನ್ನು ಮಾಡಿದ್ದೀರಿ ಎಂದು ಬಾಟಲಿಯ ಮೇಲೆ ಬರೆಯದಿದ್ದರೆ ಮಾತ್ರ ತಪ್ಪು.

ಮನೆಯ ನಲ್ಲಿಯಿಂದ ಎರಡು ಬಾಟಲಿ ಹಿಡಿಯಿರಿ: ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ಬೆಳಗಿನ ಮೊದಲ ನೀರು ಒಂದು, ಐದು ನಿಮಿಷ ಹರಿಯಬಿಟ್ಟ ಮೇಲಿನದು ಇನ್ನೊಂದು. ಮೊದಲನೆಯದರಲ್ಲಿ ಸೀಸ ಹೆಚ್ಚು, ಎರಡನೆಯದರಲ್ಲಿ ಕಡಿಮೆ ಇದ್ದರೆ ದೋಷ ಕೆರೆಯದ್ದೂ ಅಲ್ಲ, ಬೋರ್‌ನದ್ದೂ ಅಲ್ಲ. ಹಿತ್ತಾಳೆ ನಲ್ಲಿ ಅಥವಾ ಸೀಸದ ಸ್ಟೆಬಿಲೈಸರ್ ಹಾಕಿ ಮಾಡಿದ ಹಳೆಯ ಪಿವಿಸಿ ಪೈಪಿನದು. ಪೈಪಿನಲ್ಲಿ ಸೀಸ ಬಳಕೆಗೆ ಕಡಿವಾಣ ಹಾಕುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ; ಅದಕ್ಕೂ ಹಿಂದಿನ ಪೈಪು ಗೋಡೆಯೊಳಗೆ ಹಾಗೇ ಇದೆ.

ಹೂಳಿಗೆ ಪ್ಲಾಸ್ಟಿಕ್ ಅಥವಾ ಮರದ ಸೌಟು. ಜಿಐ ಬಕೆಟ್, ಸನಿಕೆ ಬೇಡ, ಅದರ ಸತುವೇ ವರದಿಯಲ್ಲಿ ಬರುತ್ತದೆ. ಹರಿವಿನ ನಡುವಿನ ಮರಳು ಬಿಟ್ಟು, ತಿರುವಿನ ಒಳಮಗ್ಗುಲು, ಚೆಕ್‌ಡ್ಯಾಮಿನ ಹಿಂದೆ, ಕೆರೆಗೆ ನೀರು ಬಂದು ಸೇರುವ ಬಾಯಿಯಲ್ಲಿ ನುಣ್ಣಗಿನ ಕೆಸರು ತೆಗೆಯಿರಿ. ಲೋಹ ಅಂಟುವುದು ನುಣ್ಣನೆಯ ಕಣಕ್ಕೆ. ಒಂದು ಕಡೆ ಮರಳು, ಇನ್ನೊಂದು ಕಡೆ ಜೇಡಿ ತೆಗೆದು ಹೋಲಿಸಿದರೆ ಮಾಲಿನ್ಯದ ಬದಲು ಮಣ್ಣಿನ ಜಾತಿಯನ್ನು ಅಳೆದಂತಾಗುತ್ತದೆ. ಮೇಲಿನ ಐದು ಸೆಂಟಿಮೀಟರ್, ಐದು ಕಡೆಯಿಂದ, ಬೆರೆಸಿ ಅರ್ಧ ಕಿಲೋ. ನೆರಳಲ್ಲಿ ಒಣಗಿಸಿ, 63 ಮೈಕ್ರಾನ್ ಜರಡಿ ಹಿಡಿಯಲು ಲ್ಯಾಬಿಗೆ ಹೇಳಿ. ಕೈಗವಸು ಹಾಕಿಕೊಂಡೇ ಇಳಿಯಿರಿ.

ಮತ್ತೆ, ಸಂಶಯದ ಜಾಗದಿಂದ ಮೇಲೆ, ಇನ್ನೂ ಏನೂ ಸೇರದ ಕಡೆಯಿಂದಲೂ ಒಂದು ಮಾದರಿ ಬೇಕು. ಇದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಬೆಲೆ ಕಡಿಮೆ. ಹಾಸನದ ನುಗ್ಗೇಹಳ್ಳಿ ಶಿಲಾವಲಯದಲ್ಲಿ, ಬೈರಾಪುರದ ಕ್ರೋಮೈಟ್ ಗಣಿಯ ಸುತ್ತ, ಯಾವ ಕಾರ್ಖಾನೆಯೂ ಇಲ್ಲದ ಹಳ್ಳದ ಮಣ್ಣಿನಲ್ಲೂ ಕ್ರೋಮಿಯಂ, ನಿಕ್ಕಲ್ ಎದ್ದು ಕಾಣುತ್ತವೆ. ಅದು ಅಲ್ಲಿಯ ಬಂಡೆಯ ಗುಣ.

ಅಂಕಿ ಬಂತು, ಯಾವುದಕ್ಕೆ ಹೋಲಿಸಬೇಕು?

ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 (2012). ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಸೀಸ 0.01, ಕ್ಯಾಡ್ಮಿಯಂ 0.003, ಆರ್ಸೆನಿಕ್ 0.01, ಪಾದರಸ 0.001, ಒಟ್ಟು ಕ್ರೋಮಿಯಂ 0.05, ನಿಕ್ಕಲ್ 0.02. ನೀರಾವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) 1985ರಲ್ಲಿ ಕೊಟ್ಟ ಅಂಕಿಗಳು: ಸೀಸ 5, ಕ್ಯಾಡ್ಮಿಯಂ 0.01, ಆರ್ಸೆನಿಕ್ 0.1, ಕ್ರೋಮಿಯಂ 0.1, ನಿಕ್ಕಲ್ 0.2, ತಾಮ್ರ 0.2, ಸತು 2. ಕಾರ್ಖಾನೆಯಿಂದ ಹಳ್ಳ–ಹೊಳೆಗೆ ಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ: ಸೀಸ 0.1, ಕ್ಯಾಡ್ಮಿಯಂ 2, ಹೆಕ್ಸಾವೇಲೆಂಟ್ ಕ್ರೋಮಿಯಂ 0.1, ಒಟ್ಟು ಕ್ರೋಮಿಯಂ 2, ನಿಕ್ಕಲ್ 3.

ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸೀಸ 0.05 ಬಂದ ನೀರು ಕುಡಿಯಲು ಮಿತಿಯ ಐದು ಪಟ್ಟು, ಕಾರ್ಖಾನೆಗೆ ಕಾನೂನುಬದ್ಧ, ನೀರಾವರಿಗೆ ಮಿತಿಯ ನೂರರಲ್ಲೊಂದು ಪಾಲು. ಕ್ಯಾಡ್ಮಿಯಂ ಇನ್ನೂ ವಿಚಿತ್ರ: ಕಾರ್ಖಾನೆ ಬಿಡಬಹುದಾದ ಮಿತಿ ಹೊಲಕ್ಕೆ ಹೇಳಿದ ಮಿತಿಯ ಇನ್ನೂರು ಪಟ್ಟು. ಬೇಸಿಗೆಯಲ್ಲಿ ಕೊಳಚೆ ಬಿಟ್ಟರೆ ಬೇರೆ ನೀರೇ ಇಲ್ಲದ ಹೊಳೆಯಲ್ಲಿ ಇನ್ನೂರು ಪಟ್ಟು ತೆಳುವಾಗಿಸುವ ನೀರು ಎಲ್ಲಿಂದ ಬರಬೇಕು? ನಿಯಮ ಪಾಲಿಸಿದ ಘಟಕದ ಕೆಳಗೂ ಹೊಲ ಕೆಡಬಹುದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಎಫ್‌ಎಒ ಅಂಕಿ ಹೆಕ್ಟೇರಿಗೆ ವರ್ಷಕ್ಕೆ 10,000 ಘನಮೀಟರ್ ನೀರು ಕಟ್ಟುವ ಲೆಕ್ಕದ್ದು. ಕ್ಯಾಡ್ಮಿಯಂ 0.01 ಇರುವ ನೀರನ್ನು ಅಷ್ಟು ಕಟ್ಟಿದರೆ ವರ್ಷಕ್ಕೆ 100 ಗ್ರಾಂ ಲೋಹ ಹೊಲಕ್ಕೆ ಬಂತು. ಮೇಲಿನ 15 ಸೆಂಟಿಮೀಟರ್ ಮಣ್ಣು ಹೆಕ್ಟೇರಿಗೆ ಸುಮಾರು 2,000 ಟನ್. ಅಂದರೆ ಪ್ರತಿ ವರ್ಷ ಕಿಲೋಗೆ 0.05 ಮಿಲಿಗ್ರಾಂ, ಇಪ್ಪತ್ತು ವರ್ಷಕ್ಕೆ 1 ಮಿಲಿಗ್ರಾಂ. ಮಿತಿಯೊಳಗಿನ ನೀರೂ ಹೀಗೆ ಕೂಡಿಡುತ್ತದೆ.

ಹೂಳಿಗೆ ಭಾರತೀಯ ಮಿತಿಗಾಗಿ ಹುಡುಕಾಡುವ ಬದಲು 2000ದಲ್ಲಿ ಉತ್ತರ ಅಮೆರಿಕದಲ್ಲಿ ರೂಪುಗೊಂಡ ಸಿಹಿನೀರ ಹೂಳಿನ ಜೋಡಿ ಅಂಕಿಗಳನ್ನು ಬಳಸಿ. ಒಣತೂಕದ ಕಿಲೋಗೆ ಮಿಲಿಗ್ರಾಂ: ಸೀಸ 35.8 ಮತ್ತು 128, ಕ್ಯಾಡ್ಮಿಯಂ 0.99 ಮತ್ತು 4.98, ತಾಮ್ರ 31.6 ಮತ್ತು 149, ಸತು 121 ಮತ್ತು 459, ಕ್ರೋಮಿಯಂ 43.4 ಮತ್ತು 111. ಮೊದಲನೆಯದಕ್ಕಿಂತ ಕೆಳಗಿದ್ದರೆ ಜಲಜೀವಿಗಳಿಗೆ ತೊಂದರೆ ಸಂಭವ ಕಡಿಮೆ, ಎರಡನೆಯದು ದಾಟಿದರೆ ಸಂಭವ ಹೆಚ್ಚು. ಇದು ಹುಳು–ಮೀನಿನ ಲೆಕ್ಕ. ಕ್ರೋಮಿಯಂ ಮತ್ತು ನಿಕ್ಕಲ್‌ಗೆ ಮೇಲೆ ಹೇಳಿದ ಬಂಡೆಯ ಮಾತು ನೆನಪಿರಲಿ.

ಕುಡಿಯುವ ನೀರಿಗೆ ಯಾವ ಫಿಲ್ಟರ್?

ಕಾಯಿಸುವುದರಿಂದ ಲೋಹ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಯುವಿ ದೀಪಕ್ಕೆ, ಬಟ್ಟೆಗೆ, ಕ್ಯಾಂಡಲ್‌ಗೆ ಕರಗಿದ ಲೋಹದ ಗೊಡವೆಯಿಲ್ಲ. ಸಾಮಾನ್ಯ ಆಕ್ಟಿವೇಟೆಡ್ ಕಾರ್ಬನ್ ವಾಸನೆ, ಕ್ಲೋರಿನ್‌ಗೆ. ಸೀಸಕ್ಕೆ ಬೇಕಾದರೆ ಸೀಸದ ಹೆಸರೆತ್ತಿ ಎನ್‌ಎಸ್‌ಎಫ್ 53 ಎಂಬ ಫಿಲ್ಟರ್ ಮಾನಕದ ಪ್ರಮಾಣಪತ್ರ ಪಡೆದ ಕಾರ್ಬನ್ ಬ್ಲಾಕ್ ಆಗಬೇಕು. ಪೈಪಿನಿಂದ ಬರುವ ಸೀಸ ಮಾತ್ರವೇ ತೊಂದರೆಯಾಗಿದ್ದರೆ ಆರ್‌ಒಗಿಂತ ಇದೇ ಜಾಣತನ, ನೀರೂ ಪೋಲಾಗದು.

ಆರ್‌ಒ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಎಲ್ಲವನ್ನೂ ಸಾಮಾನ್ಯವಾಗಿ ಶೇ 90ಕ್ಕಿಂತ ಹೆಚ್ಚು ತಡೆಯುತ್ತದೆ. ಅದನ್ನು ಕೆಡಿಸುವುದು ಒಳಗೇ ಇರುವ ಒಂದು ಸಣ್ಣ ತಿರುಪು. ‘ಟಿಡಿಎಸ್ ಕಂಟ್ರೋಲರ್’ ಎನ್ನುವ ಆ ಕವಾಟ ರುಚಿಗಾಗಿ ಒಂದಷ್ಟು ಕಚ್ಚಾ ನೀರನ್ನು ಮೆಂಬ್ರೇನ್ ದಾಟಿಸದೆ ನೇರ ಟ್ಯಾಂಕಿಗೆ ಬೆರೆಸುತ್ತದೆ. ಕಚ್ಚಾ ನೀರಿನಲ್ಲಿ ಸೀಸ 0.08 ಇದ್ದು ಕಾಲುಭಾಗ ಬೆರೆತರೆ ಅದೊಂದರಿಂದಲೇ 0.02 ಬಂತು, ಮಿತಿಯ ಎರಡು ಪಟ್ಟು. ಲೋಹ ಇರುವುದು ಖಚಿತವಾದ ಮನೆಯಲ್ಲಿ ಆ ಕವಾಟವನ್ನು ಪೂರ್ತಿ ಮುಚ್ಚಿಸಿ, ರುಚಿ ಬೇಕಿದ್ದರೆ ಕೊನೆಯಲ್ಲಿ ಖನಿಜದ ಕಾರ್ಟ್ರಿಜ್ ಹಾಕಿಸಿ. ಮುಚ್ಚಿದ ಮೇಲೆ ಒಳಬರುವ, ಹೊರಹೋಗುವ ನೀರಿನ ಟಿಡಿಎಸ್ ಅಳೆಯಿರಿ: 600 ಒಳಗೆ, 60 ಹೊರಗೆ ಎಂದರೆ ಶೇ 90 ತಡೆ. ಶೇ 80ಕ್ಕಿಂತ ಕೆಳಗಿಳಿದರೆ ಮೆಂಬ್ರೇನ್ ಬದಲಿಸುವ ಹೊತ್ತು. ಆರ್‌ಒ ಹೊರಹಾಕುವ ನೀರನ್ನು ಕೈತೋಟದ ಸೊಪ್ಪಿಗೆ ಬಿಡಬೇಡಿ, ಶೌಚಾಲಯಕ್ಕೆ ಬಳಸಿ.

ಆರ್ಸೆನಿಕ್ ಮಾತ್ರ ಬೇರೆ ಕಥೆ. ಆಳದ ಬೋರ್‌ನಲ್ಲಿ ಅದು ವಿದ್ಯುದಂಶವಿಲ್ಲದ ‘ಮೂರು’ ರೂಪದಲ್ಲಿದ್ದರೆ ಆರ್‌ಒ ಸರಿಯಾಗಿ ತಡೆಯುವುದಿಲ್ಲ, ಆಕ್ಟಿವೇಟೆಡ್ ಅಲ್ಯುಮಿನಾವೂ ಹಿಡಿಯುವುದಿಲ್ಲ. ಕ್ಲೋರಿನ್ ಹಾಕಿದರೆ ನಿಮಿಷಗಳಲ್ಲಿ ‘ಐದು’ ರೂಪಕ್ಕೆ ತಿರುಗುತ್ತದೆ, ಆಮೇಲೆ ಎರಡೂ ಹಿಡಿಯುತ್ತವೆ. ಆದರೆ ಕ್ಲೋರಿನ್ ಆರ್‌ಒ ಮೆಂಬ್ರೇನನ್ನು ತಿನ್ನುತ್ತದೆ. ಆದ್ದರಿಂದ ಕ್ಲೋರಿನ್, ಕಾರ್ಬನ್, ಆರ್‌ಒ ಎಂಬ ಕ್ರಮ ತಪ್ಪಬಾರದು. ಊರಿನ ಮಟ್ಟದ ಘಟಕಕ್ಕೆ ಕಬ್ಬಿಣದ ಹೈಡ್ರಾಕ್ಸೈಡ್ ಹರಳಿನ ತೊಟ್ಟಿ ಅಲ್ಯುಮಿನಾಗಿಂತ ಅನುಕೂಲ: ಅಲ್ಯುಮಿನಾ ಚೆನ್ನಾಗಿ ಹಿಡಿಯುವುದು ಪಿಎಚ್ 6ರ ಆಸುಪಾಸಿನಲ್ಲಿ, ನಮ್ಮ ಒಣಸೀಮೆಯ ಬೋರ್ ನೀರು 7.5 ದಾಟಿರುತ್ತದೆ.

ಚಾವಣಿಯ ಮಳೆನೀರನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೋಹದ ಬೋರ್ ಇರುವ ಮನೆಗೆ ಕುಡಿಯುವ, ಅಡುಗೆಯ ನೀರಿಗೆ ಇದು ಎಲ್ಲಕ್ಕಿಂತ ಸರಳ. 100 ಚದರ ಮೀಟರ್ ಆರ್‌ಸಿಸಿ ಚಾವಣಿಯಿಂದ ಮೊದಲ ಒಂದು ಮಿಲಿಮೀಟರ್ ಮಳೆ, ಅಂದರೆ 100 ಲೀಟರ್, ಹೊರಚೆಲ್ಲುವ ವ್ಯವಸ್ಥೆ ಇರಲಿ. ಬಣ್ಣ ಏಳುತ್ತಿರುವ ತಗಡಿನ ಚಾವಣಿ ಮಾತ್ರ ಬೇಡ.

ಹೊಲದಲ್ಲಿ: ಯಾವ ಬೆಳೆ, ಯಾವ ಗೋಡು

ಕೊಳಚೆ ನೀರಿನ ಹೊಲದಲ್ಲಿ ಅತಿ ಕೆಟ್ಟ ಆಯ್ಕೆ ಸೊಪ್ಪು. ಪಾಲಕ್, ದಂಟು, ಕೊತ್ತಂಬರಿ, ಮೆಂತ್ಯ ಎಲೆಯಲ್ಲೇ ಕ್ಯಾಡ್ಮಿಯಂ ತುಂಬಿಕೊಳ್ಳುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್‌ನ ಮಿತಿ ಸೊಪ್ಪಿಗೆ ಹಸಿತೂಕದ ಕಿಲೋಗೆ ಕ್ಯಾಡ್ಮಿಯಂ 0.2, ಸೀಸ 0.3 ಮಿಲಿಗ್ರಾಂ. ಎರಡರ ನಡತೆ ಬೇರೆ: ಸೀಸ ಬಹುಪಾಲು ಎಲೆಗೆ ಮೆತ್ತಿದ ಮಣ್ಣು, ಧೂಳಿನದು, ಮೂರು ನೀರಿನಲ್ಲಿ ತೊಳೆದರೆ ಬಹಳಷ್ಟು ಇಳಿಯುತ್ತದೆ, ಕ್ಯಾಡ್ಮಿಯಂ ಬೇರಿನಿಂದ ಒಳಗೇ ಬಂದದ್ದು, ತೊಳೆದರೂ ಹೋಗದು. ಮೂಲಂಗಿ, ಕ್ಯಾರೆಟ್ ಸೊಪ್ಪಿನ ನಂತರದ ಸ್ಥಾನ. ಟೊಮೆಟೊ, ಬೀನ್ಸ್, ಬೇಬಿ ಕಾರ್ನ್‌ನಂಥ ಕಾಯಿ–ತೆನೆಗಳಿಗೆ ಲೋಹ ಕಡಿಮೆ ಏರುತ್ತದೆ. ತಿನ್ನುವ ಪೈರೇ ಬೇಡವೆಂದರೆ ಹೂವು. ವೃಷಭಾವತಿ ಸೇರುವ ಬೈರಮಂಗಲ ಕೆರೆಯ ಅಚ್ಚುಕಟ್ಟಿನ ಕಡೆ ಕಾಣುವ ಹಿಪ್ಪುನೇರಳೆ, ಮೇವಿನ ಹುಲ್ಲು ಸುರಕ್ಷಿತ ಎನಿಸುತ್ತವೆ, ಆದರೆ ಮೇವಿಗೆ ಅಂಟಿದ ಮಣ್ಣಿನ ಸೀಸ ಹಸುವಿನ ಮೂಲಕ ಹಾಲಿಗೂ ಬರುತ್ತದೆ. ಬುಡದಿಂದ ಒಂದು ಗೇಣು ಬಿಟ್ಟು ಕೊಯ್ಯುವುದು ಮೇಲು.

ಮಣ್ಣಿನ ಪಿಎಚ್ 6.5ರ ಕೆಳಗಿದ್ದರೆ ಸುಣ್ಣ ಹಾಕಿ ಏರಿಸಿ. ಕೆಂಪುಮಣ್ಣಿನಲ್ಲಿ ಕ್ಯಾಡ್ಮಿಯಂ ಗಿಡಕ್ಕೇರುವುದನ್ನು ತಗ್ಗಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಆರ್ಸೆನಿಕ್‌ಗೆ ಮಾತ್ರ ಸುಣ್ಣ ತಿರುಗುಬಾಣ, ಅದನ್ನು ಇನ್ನಷ್ಟು ಸಡಿಲಿಸಬಹುದು.

ಕೆರೆಗೋಡು ಹೊಡೆಸುವುದು ಒಳ್ಳೆಯ ಪದ್ಧತಿ, ಮಳೆನೀರಿನ ಕೆರೆಯಾದರೆ. ನಗರದ ಕೊಳಚೆ ಕುಡಿದ ಕೆರೆಯದಾದರೆ ಲೆಕ್ಕ ಹಾಕಿ: ಕ್ಯಾಡ್ಮಿಯಂ ಕಿಲೋಗೆ 5 ಮಿಲಿಗ್ರಾಂ ಇರುವ ಗೋಡನ್ನು ಒಂದು ಅಂಗುಲ ಹರಡಿ, 0.3 ಇರುವ 15 ಸೆಂಟಿಮೀಟರ್ ಮಣ್ಣಿನೊಂದಿಗೆ ಉತ್ತರೆ ಒಟ್ಟು ಸುಮಾರು 1ಕ್ಕೆ ಏರುತ್ತದೆ. ನೀರಿನಿಂದ ಇಪ್ಪತ್ತು ವರ್ಷದಲ್ಲಿ ಬರುವಷ್ಟರ ಹತ್ತಿರಕ್ಕೆ ಒಂದೇ ಬೇಸಿಗೆಯಲ್ಲಿ ಬಂದಿರಿ. ಇನ್ನೊಂದು ಸಂಗತಿ ಕಣ್ಣಿಗೇ ಕಾಣುತ್ತದೆ: ಕಪ್ಪು ಗೋಡು ರಾಶಿ ಹಾಕಿದ ಕೆಲವೇ ದಿನಕ್ಕೆ ಮೇಲ್ಮೈ ಕಂದು ತಿರುಗುತ್ತದೆ, ಕೆದಕಿದರೆ ಒಳಗಿನ್ನೂ ಕಪ್ಪು. ಗಾಳಿ ತಗುಲಿ ಸಲ್ಫೈಡ್ ಕಳಚುತ್ತಿದೆ ಎಂದರ್ಥ, ಅದು ಹಿಡಿದಿದ್ದ ಕ್ಯಾಡ್ಮಿಯಂ, ಸತು ಈಗ ಬಿಡುಗಡೆ. ಆದ್ದರಿಂದ ಹಸಿ ಗೋಡಿನ ಪರೀಕ್ಷೆ ಸಾಲದು. ನಾಲ್ಕಾರು ವಾರ ಗಾಳಿಗೆ ಹರಡಿ, ಮಗುಚಿ, ಆಮೇಲೆ ಒಟ್ಟು ಲೋಹದ ಜೊತೆ ಗಿಡಕ್ಕೆ ದಕ್ಕುವಷ್ಟನ್ನು ಹೇಳುವ ಡಿಟಿಪಿಎ ಪರೀಕ್ಷೆಯನ್ನೂ ಮಾಡಿಸಿ. ಕೆರೆಯಿಂದ ತೆಗೆದ ನೇರಳೆ ಹೂವಿನ ಜಲಕಳೆಯ ಕಾಂಪೋಸ್ಟಿಗೂ ಇದೇ ಮಾತು. ಆ ಕಳೆ ಲೋಹ ಹೀರುವುದರಲ್ಲಿ ನಿಸ್ಸೀಮ, ಗೊಬ್ಬರ ಮಾಡಿ ಸೊಪ್ಪಿಗೆ ಹಾಕಿದರೆ ಕೆರೆಯಿಂದ ತೆಗೆದದ್ದನ್ನು ತಟ್ಟೆಗೆ ತಂದಂತೆ.

ದೂರು ಕೊಡುವುದಾದರೆ

ನೀವೇ ತೆಗೆದು ಖಾಸಗಿ ಲ್ಯಾಬಿನಲ್ಲಿ ಮಾಡಿಸಿದ ವರದಿ ದೂರಿಗೆ ಆಧಾರವಾಗುತ್ತದೆ, 1974ರ ಜಲ ಕಾಯ್ದೆಯಡಿ ಘಟಕದ ಮೇಲೆ ಸಾಕ್ಷ್ಯವಾಗುವುದು ಕಷ್ಟ. ಆ ಕಾಯ್ದೆಯ 21ನೇ ಕಲಮಿನ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ತೆಗೆಯಬೇಕು, ಘಟಕದವರಿಗೆ ಅಲ್ಲೇ ನೋಟಿಸ್ ಕೊಡಬೇಕು, ಅವರೆದುರು ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕಿ ಇಬ್ಬರೂ ಸಹಿ ಮಾಡಬೇಕು. ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ಅದರ ಕಾಯ್ದೆಯ 14ನೇ ಕಲಮಿನ ಅರ್ಜಿಗೆ ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳ ಗಡುವು, ತಕ್ಕ ಕಾರಣವಿದ್ದರೆ ಮೇಲೆ 60 ದಿನ. ವರದಿಗೆ ಕಾಯುತ್ತಾ ಕೂತರೆ ಅದು ಜಾರುತ್ತದೆ.

ನಿಮ್ಮ ಮಾದರಿಗಳು ಜೋಡಿಯಲ್ಲಿರಲಿ: ಪೈಪು ಸೇರುವುದಕ್ಕೆ ಐವತ್ತು ಮೀಟರ್ ಮೇಲೆ ಒಂದು, ಕೆಳಗೆ ಒಂದು, ಎರಡು ಕಡೆಯೂ ನೀರು ಮತ್ತು ಹೂಳು. ಕೆಳಗಿನದನ್ನು ಪೈಪಿರುವ ದಡದಲ್ಲೇ ತೆಗೆಯಿರಿ, ಎದುರು ದಡಕ್ಕೆ ಅದಿನ್ನೂ ತಲುಪಿರುವುದಿಲ್ಲ. ಜಾಗದ ಜಿಪಿಎಸ್, ದಿನಾಂಕ, ಗಂಟೆ, ಫೋಟೋ, ಬಾಟಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಚೀಟಿ ಇರಲಿ. ದೂರಿನಲ್ಲಿ ‘ನೀರಿನ ಜೊತೆ ಹೂಳಿನ ಮಾದರಿಯನ್ನೂ ತೆಗೆಯಬೇಕು’ ಎಂದು ಸ್ಪಷ್ಟವಾಗಿ ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಅಧಿಕಾರಿ ಬರುವ ದಿನ ಪೈಪಿನಲ್ಲಿ ತಿಳಿನೀರು ಹರಿಯುತ್ತಿದ್ದರೂ ಕೆಳಗಿನ ಕೆಸರನ್ನು ರಾತ್ರೋರಾತ್ರಿ ಬದಲಿಸಲು ಘಟಕದವರಿಂದ ಆಗುವುದಿಲ್ಲ.